ಇಲ್ಲದ ಪ್ರಬಂಧಕ್ಕೂ ಪುಟಸಂಖ್ಯೆ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ತಾಲ್ಲೂಕಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಈ ಸಲ ಅಡಿಕೆ ಕೊಳೆರೋಗದ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದೆ. ಹೆಚ್ಚಿನವರು ಚಾಟ್‌ಜಿಪಿಟಿ ಹತ್ತಿರ ಬರೆಸಿಕೊಂಡು ಬಂದರು. ಫೈಟೋಫ್ತೊರಾ ಅನ್ನುವ ಬೂಷ್ಟಿನಂಥ ಸೂಕ್ಷ್ಮಜೀವಿ ಕಾರಣ, ಮೈಲುತುತ್ತ, ಸುಣ್ಣ ಬೆರೆಸಿದ ಶೇ 1ರ ಬೋರ್ಡೋ ದ್ರಾವಣ ಹೊಡೆಯಬೇಕು, ಇದೆಲ್ಲ ಸರಿಯೇ ಇತ್ತು. ಕೊನೆಯಲ್ಲಿ ಆಧಾರವೆಂದು ಕೊಟ್ಟಿದ್ದ ಸಂಶೋಧನಾ ಪ್ರಬಂಧಗಳನ್ನು ಸುಮ್ನೆ ಹುಡುಕಿ ನೋಡಿದೆ. ಲೇಖಕರು, ಸಂಪುಟ, ಪುಟಸಂಖ್ಯೆ ಎಲ್ಲ ನೀಟಾಗಿವೆ. ಪ್ರಬಂಧಗಳೇ ಇಲ್ಲ! ಮುಂದಿನ ಪದವನ್ನು ಅಂದಾಜು ಮಾಡುತ್ತಾ ಹೋಗುವ ಯಂತ್ರ ಅದು, ಅಲ್ವಾ? ‘ಗೊತ್ತಿಲ್ಲ’ ಅನ್ನುವುದಕ್ಕಿಂತ ಚೆಂದಗೆ ಕಟ್ಟಿ ಹೇಳುವುದೇ ಅದಕ್ಕೆ ಸಲೀಸು.

ಹಾಗಂತ ಎಐ ಬೇಡ ಅನ್ನುವವಳು ನಾನಲ್ಲ. ಆಲ್ಫಾಫೋಲ್ಡ್ ಅನ್ನುವ ಎಐ 20 ಕೋಟಿಗೂ ಜಾಸ್ತಿ ಪ್ರೋಟೀನ್‌ಗಳ ಆಕಾರವನ್ನು ಅಂದಾಜಿಸಿದೆ. 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಸಿಕ್ಕಿತು. ಆದರೆ ಅದು ಕಲಿತದ್ದು, ವಿಜ್ಞಾನಿಗಳು ದಶಕಗಳ ಕಾಲ ಲ್ಯಾಬಿನಲ್ಲಿ ಎಕ್ಸ್‌-ರೇ ಹಾಯಿಸಿ ಬಿಡಿಸಿದ ರಚನೆಗಳಿಂದ. ಜೊತೆಗೆ, ತನ್ನ ಉತ್ತರದ ಯಾವ ಭಾಗವನ್ನು ಎಷ್ಟು ನಂಬಬಹುದು ಅನ್ನುವ ಅಂಕವನ್ನೂ ಅದು ಕೊಡುತ್ತದೆ.

ನನ್ನ ತರಗತಿಯಲ್ಲಿ ಒಬ್ಬಳು ಮಾತ್ರ ತೋಟದಲ್ಲಿ ಉದುರಿದ ಕಾಯಿ ತಂದು, ಅದರ ಮೇಲಿನ ಬಿಳಿ ಬೂಷ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದಿದ್ದಳು. ಅಕ್ಷರ ಕಾಗೆ ಕಾಲು, ಇರಲಿ. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಉಳಿದವರು ತಮ್ಮದೇ ಪ್ರಾಜೆಕ್ಟನ್ನು ಮೊದಲ ಸಲ ನೋಡುವವರಂತೆ ತಿರುವಿ ಹಾಕುತ್ತಿದ್ದರು.

ಇಲಾಖೆಯವರು ಪ್ರಾಜೆಕ್ಟ್ ಅಂಕದಲ್ಲಿ ಅರ್ಧವನ್ನಾದರೂ ಹೀಗೆ ಎದುರು ಕೂರಿಸಿಕೊಂಡು ಕೇಳುವ ಪ್ರಶ್ನೆಗಳಿಗೆ ಇಡಲಿ. ಒಬ್ಬೊಬ್ಬರಿಗೆ ಐದು ನಿಮಿಷ ಸಾಕು.

— ಜೀವಶಾಸ್ತ್ರ ಉಪನ್ಯಾಸಕಿ, ತೀರ್ಥಹಳ್ಳಿ