ಭಾನುವಾರ ಯುರೋಪಿಯಂ ಕೆಂಪು ನೋಡೋಣ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಯುರೋಪಿಯಂ ಕಾಂಪ್ಲೆಕ್ಸ್ (ಯುರೋಪಿಯಂ ಎಂಬ ಲೋಹದ ಅಯಾನಿನ ಸುತ್ತ ಬೇರೆ ಅಣುಗಳು ಅಂಟಿಕೊಂಡ ಸಂಯುಕ್ತ) ಪ್ರಯೋಗ ಇದೆ. ಮಾಮೂಲಿ ಬೆಳಕಲ್ಲಿ ಅದು ಸುಮ್ನೆ ಒಂದು ಮಾಸಲು ಬಿಳಿ ಪುಡಿ. ಕೋಣೆ ಕತ್ತಲು ಮಾಡಿ ಯುವಿ ಟಾರ್ಚ್ ಹಿಡಿದರೆ ಕೆಂಡದ ಹಾಗೆ ಹೊಳೆಯುತ್ತದೆ! ನೋಡಲೇಬೇಕು.

ಯುರೋಪಿಯಂ ಅಯಾನು ತಾನಾಗಿ ಹೀರುವ ಬೆಳಕು ತೀರಾ ಕಡಿಮೆ. ಸುತ್ತ ಅಂಟಿಕೊಂಡ ಅಣುಗಳಾದ ಲಿಗ್ಯಾಂಡ್‌ಗಳು ಆಂಟೆನಾ ಥರ ಯುವಿ ಹೀರಿ, ಆ ಶಕ್ತಿಯನ್ನು ಅದಕ್ಕೆ ದಾಟಿಸುತ್ತವೆ. ಹೊರಬರುವ ಕೆಂಪು 612 ನ್ಯಾನೋಮೀಟರ್ ಆಸುಪಾಸಿನ ಕಿರಿದಾದ ಗೆರೆ.

ಒಎಲ್‌ಇಡಿಯಲ್ಲಿ (ಫೋನ್, ಟಿವಿ ಪರದೆಗಳಲ್ಲಿರುವ, ಸಾವಯವ ಪದರಗಳಿಂದ ಬೆಳಕು ಕೊಡುವ ಸಾಧನ) ಟಾರ್ಚ್ ಬದಲು ಕರೆಂಟ್, ಅಷ್ಟೇ. 1990ರಲ್ಲಿ ಜಪಾನಿನ ಜುಂಜಿ ಕಿಡೋ ತಂಡ ಯುರೋಪಿಯಂನ ಬಳಗದ್ದೇ ಲೋಹವಾದ ಟರ್ಬಿಯಂನಿಂದ ಹೀಗೆ ಹಸಿರು ಬೆಳಕು ತಂದು ತೋರಿಸಿತು. ತೊಡಕೂ ಇದೆ. ಯುರೋಪಿಯಂ ನಿಧಾನ, ಪಡೆದ ಶಕ್ತಿಯನ್ನು ಬೆಳಕಾಗಿ ಬಿಡಲು ಸುಮಾರು ಅರ್ಧ ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ; ಅಲ್ಲಿಯವರೆಗೆ ಹೊಸ ಶಕ್ತಿಗೆ ಬಿಡುವಿರುವುದಿಲ್ಲ. ಹಾಗಾಗಿ ಕರೆಂಟ್ ಜಾಸ್ತಿಯಾದರೆ ದಕ್ಷತೆ ಕುಸಿಯುತ್ತದೆ. ಚರ್ಚೆಗೆ ಇದನ್ನೇ ಇಟ್ಟುಕೊಳ್ಳೋಣ, ಅಲ್ವಾ?

ಯುವಿ ತಡೆಯುವ ಕನ್ನಡಕ ತಪ್ಪದೆ ತನ್ನಿ. ಟಾರ್ಚನ್ನು ಯಾರ ಕಣ್ಣಿಗೂ ಹಿಡಿಯಬೇಡಿ.