ಹಾಳು ಮಾಡಿದ್ದು ಯಾರು ಎಂದು ಹೇಳುತ್ತಿದ್ದ ಪದಗಳು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲಿಷ್ ಕಲಿಯುವವರಿಗಾಗಿ ಬಂದ ಲೇಖನ ಓದಿದೆ. ಅದರಲ್ಲಿ ಒಳ್ಳೆಯ ಮಾತುಗಳು ಬಹಳ ಇವೆ. ಆದರೆ ‘ಬಳಕೆ ತಪ್ಪಿದ ಹಳೇ ಪದಗಳ ಗೋಜಿಗೆ ಹೋಗಬೇಡಿ, ಅವು ಸತ್ತುಹೋಗಿವೆ’ ಎಂಬ ಸಾಲನ್ನು ನನ್ನಿಂದ ಒಪ್ಪಲಾಗಲಿಲ್ಲ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವುದೇ ಇಪ್ಪತ್ತೆಂಟು ವರ್ಷದಿಂದ ನನ್ನ ಕೆಲಸ. ಆ ಸತ್ತ ಪದಗಳಿಂದ ನಾನು ಕಲಿತದ್ದು ಜಾಸ್ತಿ. ಅದರಲ್ಲೂ ಹಾಳುಗೆಡಹುವುದಕ್ಕೆ ಇಂಗ್ಲಿಷ್‌ನಲ್ಲಿದ್ದ ಹಳೇ ಪದಗಳಿಂದ.

ಶುರುವಿನ ದಿನಗಳಲ್ಲಿ ಇಂಗ್ಲೆಂಡಿನ ಇತಿಹಾಸದ ಬರಹವೊಂದು ನನ್ನ ಕೈಗೆ ಬಂತು. 1646ರಲ್ಲಿ ಪಾರ್ಲಿಮೆಂಟಿನವರು ಕಾರ್ಫ್ ಕೋಟೆಯನ್ನು ‘ಸ್ಲೈಟ್’ ಮಾಡಿದರು ಎಂದು ಅದರಲ್ಲಿತ್ತು. ನನಗೆ ಗೊತ್ತಿದ್ದ ಅರ್ಥ ಒಂದೇ. ‘ಕೋಟೆಯನ್ನು ಕಡೆಗಣಿಸಿದರು’ ಎಂದು ಬರೆದುಕೊಟ್ಟೆ. ಕರಡು ತಿದ್ದುತ್ತಿದ್ದ ಹಿರಿಯರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಕೋಟೆಯ ಫೋಟೊ ಒಂದನ್ನು ನನ್ನ ಮುಂದಿಟ್ಟರು. ‘ಕಡೆಗಣಿಸಿದರೆ ಕೋಟೆ ಹೀಗಾಗುತ್ತೇನಮ್ಮಾ?’ ಎಂದರು. ಗೋಡೆಗಳು ಒಂದೊಂದು ದಿಕ್ಕಿಗೆ ವಾಲಿದ್ದವು. ಒಂದು ಹೆಬ್ಬಾಗಿಲು ನಡುವೆ ಸೀಳಿ, ಅದರ ಅರ್ಧ ಭಾಗ ಇಳಿಜಾರಿನಲ್ಲಿ ಕೆಳಕ್ಕೆ ಜಾರಿ, ಬೀಳದೆ ಹಾಗೇ ನಿಂತುಬಿಟ್ಟಿತ್ತು.

ಇಂಗ್ಲೆಂಡಿನಲ್ಲಿ ದೊರೆಗೂ ಪಾರ್ಲಿಮೆಂಟಿಗೂ ನಡೆದ ಆ ಅಂತರ್ಯುದ್ಧದ ಕಾಲದಲ್ಲಿ ಸ್ಲೈಟ್ ಮಾಡುವುದು ಎಂದರೆ, ಶತ್ರು ಮತ್ತೆ ಒಳಹೊಕ್ಕು ಕಾದಾಡಲು ಆಗದಂತೆ ಕೋಟೆಯನ್ನು ಬೇಕೆಂದೇ ಕೆಡಿಸುವುದು. ಗೋಡೆಯ ಬುಡ ತೋಡುತ್ತಿದ್ದರು, ಮದ್ದು ತುಂಬಿ ಸಿಡಿಸುತ್ತಿದ್ದರು. ಕಾರ್ಫ್ ಕೋಟೆಯ ವಿಷಯ ಪಾರ್ಲಿಮೆಂಟಿನಲ್ಲೇ ತೀರ್ಮಾನವಾಗಿತ್ತು. ಪದದ ಮೂಲದಲ್ಲಿರುವುದು ಸಮ, ನುಣುಪು ಎಂಬ ಅರ್ಥ. ನಮ್ಮ ‘ನೆಲಸಮ’ಕ್ಕೆ ಎಷ್ಟು ಹತ್ತಿರ, ಅಲ್ವಾ? ಆದರೂ ಪೂರ್ತಿ ನೆಲಸಮ ಆಗಲೇಬೇಕು ಎಂದೇನಿರಲಿಲ್ಲ, ಯುದ್ಧಕ್ಕೆ ಉಪಯೋಗ ಬಾರದಂತಾದರೆ ಸಾಕಿತ್ತು. ಯಾರು, ಯಾಕೆ, ಎಷ್ಟರ ಮಟ್ಟಿಗೆ ಎಂಬುದೆಲ್ಲ ಒಂದೇ ಪದದೊಳಗೆ ಇತ್ತು.

ಆಮೇಲಿಂದ ಇಂಥ ಪದ ಸಿಕ್ಕರೆ ನಾನು ಸುಮ್ನೆ ದಾಟಿ ಹೋಗಿಲ್ಲ.

‘ಸ್ಪಿಲ್’ ನೋಡಿ. ಇವತ್ತು ಮಗು ಹಾಲು ಚೆಲ್ಲಿದರೆ ಬಳಸುವ ಪದ. ಸಾವಿರ ವರ್ಷದ ಹಿಂದೆ ಅದಕ್ಕೆ ಕೊಲ್ಲು, ನಾಶ ಮಾಡು ಎಂಬ ಅರ್ಥವಿತ್ತು. ಆಮೇಲೆ ರಕ್ತ ಹರಿಸುವುದಕ್ಕೆ ಬಂತು, ಕೊನೆಗೆ ನೀರು ಹಾಲು ಏನು ಚೆಲ್ಲಿದರೂ ಸ್ಪಿಲ್ ಎಂದಾಯಿತು. 14ನೇ ಶತಮಾನದಲ್ಲಿ ‘ಸೇವ್ ಆರ್ ಸ್ಪಿಲ್’ ಎಂಬ ಜೋಡಿ ಮಾತಿತ್ತು. ತಪ್ಪು ಮಾಡಿದವನ ಜೀವ ಉಳಿಸುವುದೋ, ಅಳಿಸುವುದೋ! ಕನ್ನಡದ ಅಳಿವು ಉಳಿವಿನ ಪ್ರಾಸದಂತೆ ಅಲ್ಲೂ ಒಂದೇ ಅಕ್ಷರ ಎರಡನ್ನೂ ಹೆಣೆದಿತ್ತು.

ಹಳೇ ಇಂಗ್ಲಿಷ್‌ನಲ್ಲಿ ಕ್ರಿಯಾಪದದ ಮುಂದೆ ‘ಫಾರ್’ ಸೇರಿಸಿ ಅದನ್ನು ಕೇಡಿನ ಕಡೆಗೆ ತಿರುಗಿಸುತ್ತಿದ್ದರು. ‘ಡೂ’ ಎಂದರೆ ಮಾಡು, ‘ಫಾರ್‌ಡೂ’ ಎಂದರೆ ಹಾಳುಮಾಡು, ಮುಗಿಸಿಬಿಡು. ನಮ್ಮ ‘ಮುಗಿಸಿಬಿಡು’, ‘ಕೊಂದುಹಾಕು’ಗಳಲ್ಲಿ ಬಿಡು, ಹಾಕು ಎಂಬವು ಹಿಂದೆ ನಿಂತು ಮಾಡುವ ಕೆಲಸವನ್ನು ಅದು ಮುಂದೆ ನಿಂತು ಮಾಡುತ್ತಿತ್ತು. ಆ ಮನೆತನದಲ್ಲಿ ಇವತ್ತಿಗೂ ಉಳಿದಿರುವ ಒಂದು ಪದ ‘ಫಾರ್‌ಲಾರ್ನ್’. ಈಗ ಅದಕ್ಕೆ ದಿಕ್ಕಿಲ್ಲದ, ಸಪ್ಪೆ ಮೋರೆಯ ಎಂಬ ಅರ್ಥ. ಮೊದಲು ಅದು ಪೂರ್ತಿ ಕಳೆದುಹೋದದ್ದು.

‘ಹ್ಯಾರಿ’ ಎಂಬ ಕ್ರಿಯಾಪದ ಹುಟ್ಟಿದ್ದು ದಂಡು ಎಂಬ ಅರ್ಥದ ಹಳೇ ಪದದಿಂದ. ದಂಡು ಬಂದು ಏನು ಮಾಡುತ್ತದೋ ಅದನ್ನು ಮಾಡುವುದೇ ಹ್ಯಾರಿ ಮಾಡುವುದು. 1069ರಿಂದ 1070ರ ಚಳಿಗಾಲದಲ್ಲಿ ವಿಲಿಯಂ ದೊರೆಯ ದಂಡು ಉತ್ತರ ಇಂಗ್ಲೆಂಡಿನಲ್ಲಿ ಬೆಳೆ ಸುಟ್ಟು, ದನಕರು ಕೊಂದು ನಡೆಸಿದ ಅನಾಹುತವನ್ನು ಇತಿಹಾಸದಲ್ಲಿ ಈ ಪದದಿಂದಲೇ ಕರೆಯುತ್ತಾರೆ. 1086ರ ಜಮೀನು ದಾಖಲೆಯಾದ ಡೂಮ್ಸ್‌ಡೇ ಪುಸ್ತಕದಲ್ಲಿ ಯಾರ್ಕ್‌ಷೈರ್‌ನ ಎಷ್ಟೋ ಊರುಗಳ ಮುಂದೆ ‘ಪಾಳು’ ಎಂಬ ಅರ್ಥದ ಲ್ಯಾಟಿನ್ ಪದವಿದೆ. ನಾವು ಕಸಕ್ಕೆ ಹೇಳುವ ‘ವೇಸ್ಟ್’ ಅದೇ ಬಳಗದ್ದು.

ಇನ್ನು ‘ಹ್ಯಾವಕ್’. ಈಗ ಬಿರುಗಾಳಿ ಮಾಡಿದ ಹಾವಳಿಗೂ ಅದೇ ಪದ. ಆದರೆ ಅದು ಮೊದಲು ಮನುಷ್ಯನ ಕೂಗು. ಸೈನಿಕರಿಗೆ ‘ದೋಚಿಕೊಳ್ಳಿ’ ಎಂದು ಕೊಡುತ್ತಿದ್ದ ಸೂಚನೆ. 1385ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ರಿಚರ್ಡ್ ತನ್ನ ಸೈನ್ಯಕ್ಕೆ ಮಾಡಿದ ನಿಯಮಗಳಲ್ಲಿ ಹಾಗೆ ಕೂಗಿದವನಿಗೆ ತಲೆದಂಡವಿತ್ತು.

ಇದನ್ನೆಲ್ಲ ಬರೆಯಲು ಕಾರಣವಿದೆ. ಈಗ ನನ್ನ ಮೇಜಿಗೆ ಬರುವ ಇಂಗ್ಲಿಷ್ ಸುದ್ದಿಗಳಲ್ಲಿ ಊರುಗಳು ‘ಡೆಸ್ಟ್ರಾಯ್’ ಆಗಿರುತ್ತವೆ, ಅಷ್ಟೇ. ನಾನೂ ‘ನಾಶವಾದವು’ ಎಂದು ಬರೆದು ಕಳಿಸಬೇಕಾಗುತ್ತದೆ. ಮಾಡಿದವನು ವಾಕ್ಯದಲ್ಲೇ ಇರುವುದಿಲ್ಲ. ಅದು ನನಗೆ ಪ್ರತಿಸಲವೂ ಸಂಕಟ. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ದಂಡಿನ ಪದ, ಕೂಗಿನ ಪದ, ಮದ್ದು ತುಂಬಿದ ಪದ ಗೊತ್ತಿದ್ದರೆ, ‘ನಾಶವಾಯಿತು’ ಎಂದು ಓದಿದಾಗ ‘ಯಾರಿಂದ?’ ಎಂದು ಕೇಳಿಯಾರು.

ಪುರವಣಿಯಲ್ಲಿ ತಿಂಗಳಿಗೆ ಒಂದು ಹಳೇ ಪದಕ್ಕಾದರೂ ಅರ್ಧ ಕಾಲಂ ಜಾಗ ಕೊಡಿ. ಸ್ಲೈಟ್‌ನಿಂದಲೇ ಶುರು ಮಾಡಬಹುದು. ಆ ಹಿರಿಯರು ಕೊಟ್ಟ ಫೋಟೊ ಇನ್ನೂ ನನ್ನ ನಿಘಂಟಿನೊಳಗಿದೆ, ಬೇಕೆಂದರೆ ಕಳಿಸಿಕೊಡುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಳಾದ ಒಬ್ಬ ಅನುವಾದಕಿ