ಮೊದಲ ಸಾಕ್ಷಿಯ ಸಹಿ

ನಮ್ಮ ಮದುವೆ ನೋಂದಣಿಯಾಗಿ ಈ ಡಿಸೆಂಬರಿಗೆ ಒಂದು ವರ್ಷ ತುಂಬಿತು. ಆ ದಿನ ತಾಲ್ಲೂಕಿನ ಉಪನೋಂದಣಿ ಕಚೇರಿಯಲ್ಲಿ ನಮ್ಮವರೆಂದು ಸೇರಿದ್ದವರು ಒಂಬತ್ತು ಮಂದಿ. ಲಗ್ನಪತ್ರಿಕೆ ಅಚ್ಚಾಗಿರಲಿಲ್ಲ, ಛತ್ರ ಹಿಡಿದಿರಲಿಲ್ಲ, ತಾಂಬೂಲದ ಚೀಲ ಕೊಟ್ಟು ಯಾರನ್ನೂ ಬೀಳ್ಕೊಟ್ಟಿರಲಿಲ್ಲ. ಹೀಗಾಗಿ ಮದುವೆ ಮನೆಯ ಬಾಗಿಲಲ್ಲಿ ನಿಂತು ಕೈಮುಗಿದು ಹೇಳಿ ಮುಗಿಸುವ ವಂದನೆಗಳೆಲ್ಲ ನನ್ನಲ್ಲಿಯೇ ಉಳಿದುಬಿಟ್ಟವು. ಅವನ್ನು ಈಗಲಾದರೂ ಸಲ್ಲಿಸಬೇಕೆಂದು ಕುಳಿತಿದ್ದೇನೆ. ಹೆಸರುಗಳನ್ನು ಬರೆಯುವುದಿಲ್ಲ; ಓದಿದಾಗ ಅವರವರಿಗೆ ತಿಳಿಯುತ್ತದೆ.

2019ರ ಆಗಸ್ಟಿನಲ್ಲಿ ನನ್ನ ಮೊದಲ ಪತಿ ತೀರಿಕೊಂಡರು. ಅವರಿಗೆ 38 ವರ್ಷ; ಬೆಳಿಗ್ಗೆ ಎದೆ ನೋವೆಂದವರು ಮಧ್ಯಾಹ್ನಕ್ಕೆ ಇರಲಿಲ್ಲ. ಮಗನಿಗೆ ಆಗ 8 ವರ್ಷ. ಆ ದಿನಗಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ನಾನು ಮೈಸೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ, ನಂಜನಗೂಡಿನಿಂದ ದಿನವೂ ರೈಲಿನಲ್ಲಿ ಹೋಗಿಬರುವವಳು. ತಿಂಗಳ ನಂತರ ಮತ್ತೆ ರೈಲು ಹತ್ತಿದ ಬೆಳಿಗ್ಗೆ, ಹೂ ಕಟ್ಟುತ್ತಾ ಮೈಸೂರಿಗೆ ಬರುವ ಅಕ್ಕ ಎಂದಿನಂತೆ ಒಂದು ಮೊಳ ಮಲ್ಲಿಗೆ ಅಳೆದು ನನ್ನ ಕೈಗಿಟ್ಟರು. ಕೊಡಬಹುದೋ ಕೊಡಬಾರದೋ ಎಂದು ಅವರು ಯೋಚಿಸಿದಂತೆಯೇ ಕಾಣಲಿಲ್ಲ. ಮುಡಿಯುವ ಧೈರ್ಯ ನನಗಿರಲಿಲ್ಲ. ಚೀಲದಲ್ಲಿಟ್ಟುಕೊಂಡು ಹೋಗಿ ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟೆ, ಸಂಜೆಯವರೆಗೆ ಅದರ ಪರಿಮಳವಿತ್ತು. ಮರುದಿನವೂ ಕೊಟ್ಟರು, ಅದರ ಮರುದಿನವೂ ಕೊಟ್ಟರು. ಸುಮಾರು ಎರಡು ವರ್ಷ ನಾನು ಮುಡಿಯದ ಹೂವಿಗೆ ಅವರು ಒಂದು ದಿನವೂ ಕಾರಣ ಕೇಳಲಿಲ್ಲ. ನನ್ನ ಮೊದಲ ವಂದನೆ ಅವರಿಗೆ.

ಎರಡನೆಯದು ನನ್ನ ನಾದಿನಿಗೆ. 2020ರ ಆರಂಭದಲ್ಲಿ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬರುತ್ತಾ ನನ್ನ ಎದುರು ಒಂದು ಗಳಿಗೆ ತಡವರಿಸಿ, ನನ್ನನ್ನು ಬಳಸಿಕೊಂಡು ಪಕ್ಕದವರಿಗೆ ಹೋಯಿತು. ತಟ್ಟೆ ಹಿಡಿದಿದ್ದವರು ಕೆಟ್ಟವರಲ್ಲ, ಅವರಿಗೂ ಮುಜುಗರವಾಗಿತ್ತು. ನಾದಿನಿ ಎದ್ದು ಆ ತಟ್ಟೆಯನ್ನು ಅವರ ಕೈಯಿಂದ ಇಸಿದುಕೊಂಡು, ನನ್ನ ಮುಂದೆ ಹಿಡಿದು, “ತಗೊಳ್ಳಿ ಅತ್ತಿಗೆ, ಇದು ಅಣ್ಣ ಕೊಟ್ಟಿದ್ದಲ್ಲ, ಹುಟ್ಟಿದಾಗಿನಿಂದ ನಿಮ್ಮದೇ” ಎಂದರು. ಅಣ್ಣನನ್ನು ಕಳೆದುಕೊಂಡು ಆರು ತಿಂಗಳಾಗದ ತಂಗಿ ಆಡಿದ ಮಾತು ಅದು.

ಇನ್ನು ಆ ಸಿನಿಮಾದ ವಿಷಯ. ನಮ್ಮ ಮದುವೆಯ ಕಥೆ ಕೇಳಿದವರೆಲ್ಲ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. 2022ರ ಒಂದು ಭಾನುವಾರ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಸಿನಿಮಾಸಕ್ತರ ಚಿಕ್ಕದೊಂದು ಗುಂಪು ‘ವಂಶವೃಕ್ಷ’ವನ್ನು ಪ್ರದರ್ಶಿಸಿತು. ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಜೊತೆಯಾಗಿ ನಿರ್ದೇಶಿಸಿ ರಾಷ್ಟ್ರಪ್ರಶಸ್ತಿ ಪಡೆದ, ಮುಂದೆ ವಿಷ್ಣುವರ್ಧನ್ ಎಂದು ಹೆಸರಾದ ತರುಣ ಸಣ್ಣ ಪಾತ್ರವೊಂದರಲ್ಲಿ ಮೊದಲು ಕಾಣಿಸಿಕೊಂಡ ಚಿತ್ರವದು. ಮಾವನವರು ಕಾಲೇಜು ಓದುವ ಕಾಲದಲ್ಲಿ ಅದನ್ನು ನೋಡಿದ್ದರಂತೆ. ಇನ್ನೊಮ್ಮೆ ನೋಡುತ್ತೇನೆಂದು ನನ್ನೊಡನೆ ಹೊರಟು ನಿಂತರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಬೇಡವೆನ್ನಲು ಕಾರಣವೇನಿತ್ತೆಂದು ಚಿತ್ರಕ್ಕೆ ಮೂಲವಾದ ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಓದಿದವರಿಗೆ ವಿವರಿಸಬೇಕಾಗಿಲ್ಲ. ಊರು ನಂಜನಗೂಡು, ಗಂಡ ಕಪಿಲಾ ನದಿಯ ಪಾಲಾಗಿದ್ದಾನೆ, ಮಡಿಲಲ್ಲಿ ಮಗು, ಮಾವ ಶ್ರೀನಿವಾಸ ಶ್ರೋತ್ರಿಯರು ಊರಿಗೇ ಪೂಜ್ಯರು. ಸೊಸೆ ಕಾತ್ಯಾಯನಿ ಓದಲೆಂದು ರೈಲಿನಲ್ಲಿ ಮೈಸೂರಿಗೆ ಹೋಗುತ್ತಾಳೆ, ಅಲ್ಲಿ ಅಧ್ಯಾಪಕ ರಾಜನನ್ನು ಪ್ರೀತಿಸುತ್ತಾಳೆ. ಹೆಚ್ಚುಕಡಿಮೆ ನನ್ನದೇ ರೈಲು. ಪಕ್ಕದಲ್ಲಿ ಕುಳಿತವರು ನನ್ನದೇ ಮಾವ.

ಆ ಕಥೆಯನ್ನು ಕುರಿತು ನನ್ನ ತಕರಾರು ಇಂದಿಗೂ ಇದೆ. ಕಾತ್ಯಾಯನಿ ಮರುಮದುವೆಯಾಗುತ್ತಾಳೆ, ಮಗು ಅಜ್ಜ ಅಜ್ಜಿಯ ಬಳಿಯೇ ಉಳಿಯುತ್ತದೆ, ಹೊಸ ದಾಂಪತ್ಯದಲ್ಲಿ ಗರ್ಭ ನಿಲ್ಲುವುದಿಲ್ಲ, ತಪ್ಪು ಮಾಡಿದೆನೆಂಬ ಭಾವದಲ್ಲಿ ಬೆಂದು ಬೆಂದು ಕೊನೆಗೆ ಅವಳೇ ಸಾಯುತ್ತಾಳೆ. ಎರಡನೆಯ ಸಲ ಪ್ರೀತಿಸಿದ್ದಕ್ಕೆ ಅವಳ ದೇಹವೇ ದಂಡ ತೆರಬೇಕಾಗುತ್ತದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾನು ತರಗತಿಯಲ್ಲಿ ಹೇಳುವ ‘ಇಂದಿರಾಬಾಯಿ’ಯಲ್ಲಿ ಗುಲ್ವಾಡಿ ವೆಂಕಟರಾಯರು 1899ರಲ್ಲಿಯೇ ಬಾಲವಿಧವೆಯೊಬ್ಬಳಿಗೆ ಓದು ಕೊಡಿಸಿ ಸಂತೋಷದಿಂದ ಮದುವೆ ಮಾಡಿಸಿದ್ದರು; 66 ವರ್ಷಗಳ ನಂತರ ಬಂದ ಕಾತ್ಯಾಯನಿಗೆ ಆ ಸಂತೋಷ ದಕ್ಕಲಿಲ್ಲ. ಹಾಗೆಂದು ಆ ಚಿತ್ರ ಸುಳ್ಳು ಹೇಳುತ್ತದೆ ಎನ್ನಲಾರೆ. ಕಾತ್ಯಾಯನಿಯ ಪಾತ್ರದ ಎಲ್.ವಿ. ಶಾರದಾ ಅವರ ಮುಖ ನೋಡುತ್ತಾ ಕುಳಿತಿದ್ದಾಗ ನನ್ನೊಳಗೂ ಅದೇ ಅಳುಕು ಇದೆಯೆಂಬುದು ನನಗೆ ಮೊದಲ ಸಲ ಸ್ಪಷ್ಟವಾಯಿತು. ಆಗ ನಾನು ಯಾರನ್ನೂ ಪ್ರೀತಿಸಿರಲಿಲ್ಲ. ಪ್ರೀತಿಸಿಬಿಟ್ಟರೆ ಎಂಬ ಭಯ ಮಾತ್ರ ಆಗಲೇ ಇತ್ತು.

ಮರಳುವಾಗ ರೈಲಿನಲ್ಲಿ ಮಾವನವರು ಬಹಳ ಹೊತ್ತು ಮಾತನಾಡಲಿಲ್ಲ. ಕಪಿಲೆಯನ್ನು ದಾಟುವಾಗ, 1735ರ ದಳವಾಯಿಗಳ ಕಾಲದ ಹಳೆಯ ಕಲ್ಲಿನ ಸೇತುವೆ ಕಣ್ಣಿಗೆ ಬಿದ್ದಾಗ, ಹೊರಗೆ ನೋಡುತ್ತಲೇ ಹೇಳಿದರು: “ಅಲ್ಲಮ್ಮ, ನಿನಗೇನು ಬೇಕು ಅಂತ ಆ ಹುಡುಗೀನ ಆ ಮನೇಲಿ ಒಬ್ಬರಾದರೂ ಮೊದಲೇ ಕೇಳಬಹುದಿತ್ತು. ನಾನೂ ನಿನ್ನನ್ನ ಕೇಳಲಿಲ್ಲ ನೋಡು. ಮೂರು ವರ್ಷ ಆಯ್ತು.” ನಿಲ್ದಾಣ ಬಂತು, ಇಳಿದೆವು. ಮನೆಗೆ ಹೋಗುವ ದಾರಿಯಲ್ಲಿ ತರಕಾರಿ ಕೊಂಡೆವು. ಆ ಮಾತನ್ನು ಅವರು ಮುಂದುವರಿಸಲಿಲ್ಲ, ನಾನೂ ಉತ್ತರಿಸಲಿಲ್ಲ. ಆದರೆ ಈ ಇಡೀ ಬರಹ ಆ ಒಂದು ಮಾತಿಗೆ ಸಲ್ಲಬೇಕಾದದ್ದು.

ಅಂದು ಪ್ರೊಜೆಕ್ಟರಿನ ತಂತಿ ಸರಿಪಡಿಸುತ್ತಾ ಬೆವರುತ್ತಿದ್ದವರೇ ಇಂದು ನನ್ನ ಪತಿ. ಸಿನಿಮಾದಲ್ಲಾದರೆ ಇಲ್ಲಿ ಕೊಳಲು ಕೇಳಿಸಬೇಕು. ನಾವು ನೆಟ್ಟಗೆ ನಾಲ್ಕು ಮಾತನಾಡಿದ್ದು ಆರು ತಿಂಗಳ ನಂತರ, ಅದೂ ಕಾತ್ಯಾಯನಿಯ ಸಾವಿನ ಬಗ್ಗೆ ಜಗಳವಾಡುತ್ತಾ. ಲೇಖಕ ಅವಳನ್ನು ಶಿಕ್ಷಿಸಿದ್ದಾನೆ ಎಂದು ನಾನು, ಅವಳ ಕಾಲ ಅವಳನ್ನು ಶಿಕ್ಷಿಸಿತು ಎಂದು ಅವರು. ಜಗಳ ಇನ್ನೂ ಇತ್ಯರ್ಥವಾಗಿಲ್ಲ. ಅವರ ಪತ್ನಿ 2016ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ವರ್ಷದ ಡೈರಿಯಲ್ಲಿ ಆಕೆ ಬರೆದಿಟ್ಟ ಕೊನೆಯ ದಿನಸಿ ಪಟ್ಟಿಯನ್ನು ಅವರು ನನಗೆ ತೋರಿಸಿದರು: ಹುರಿಗಡಲೆ ಅರ್ಧ ಕೆ.ಜಿ., ಕೊಬ್ಬರಿ ಎರಡು ಬಟ್ಟಲು, ಧನಿಯ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಮನೆಯಲ್ಲಿ ಧನಿಯ ಇತ್ತೋ ಇಲ್ಲವೋ ಎಂದು ನೋಡಬೇಕಿತ್ತು, ನೋಡುವಷ್ಟರಲ್ಲಿ ಆಸ್ಪತ್ರೆ ಸೇರಿದರು ಎಂದರು. ನಾನು ನಮ್ಮ ಅಂಗಳದಲ್ಲಿದ್ದ ಸ್ಕೂಟರಿನ ಕಥೆ ಹೇಳಿದೆ. ತೀರಿಕೊಂಡ ತಮ್ಮ ಮಗನ ಸ್ಕೂಟರನ್ನು ಮಾರಲು ಮನಸ್ಸಾಗದೆ, ಓಡಿಸಲೂ ಮನಸ್ಸಾಗದೆ, ಬ್ಯಾಟರಿ ಸತ್ತುಹೋಗಬಾರದೆಂದು ಮಾವನವರು ಪ್ರತಿ ಭಾನುವಾರ ಅದನ್ನು ಸ್ಟ್ಯಾಂಡ್ ಹಾಕಿದಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರೆ. ಅದನ್ನು ಕೇಳಿ ಅವರು ಸಮಾಧಾನದ ಮಾತು ಯಾವುದನ್ನೂ ಹೇಳಲಿಲ್ಲ; “ಯಾವ ಬಣ್ಣದ್ದು?” ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ನನ್ನ ಮೊದಲ ಪತಿಯ ವಿಷಯದಲ್ಲಿ ಯಾರೂ ನನ್ನನ್ನು ಇಂಥ ಸಾಮಾನ್ಯ ಪ್ರಶ್ನೆ ಕೇಳಿರಲಿಲ್ಲ.

ಅತ್ತೆಯವರಿಗೆ ವಂದನೆ ಹೇಳುವಾಗ ನಡೆದದ್ದನ್ನು ಮರೆಮಾಚಬಾರದು. ವಿಷಯ ತಿಳಿದ ಮೇಲೆ ಎರಡು ತಿಂಗಳು ಅವರು ನನ್ನೊಡನೆ ಮಾತು ಬಿಟ್ಟಿದ್ದರು. ಮಗನನ್ನು ಕಳೆದುಕೊಂಡಾಗಿತ್ತು, ಮೊಮ್ಮಗನೂ ಕೈತಪ್ಪಿ ಹೋದಾನೆಂಬ ಭಯ ಅವರದು. ನಮ್ಮಿಬ್ಬರ ಜಾತಿ ಬೇರೆ ಎಂಬುದು ಅದಕ್ಕೆ ಸೇರಿದ ಇನ್ನೊಂದು ಭಾರ. ಒಂದು ಸಂಜೆ ಸೊಪ್ಪು ಬಿಡಿಸುತ್ತಾ, ತಲೆಯೆತ್ತದೆ, “ಅವರು ಮುದ್ದೆ ಉಣ್ತಾರಾ?” ಎಂದು ಕೇಳಿದರು. ಉಣ್ಣುತ್ತಾರೆ ಎಂದೆ. “ಹಾಗಾದರೆ ಭಾನುವಾರ ಬಸ್ಸಾರು ಮಾಡ್ತೀನಿ” ಎಂದರು. ಆ ಎರಡು ತಿಂಗಳ ಮೌನಕ್ಕೆ ನನ್ನಲ್ಲಿ ಸಿಟ್ಟಿಲ್ಲ. ಒಪ್ಪಿಗೆ ಎಂಬುದು ಅವರಿಗೆ ನಮ್ಮೆಲ್ಲರಿಗಿಂತ ದುಬಾರಿಯಾಗಿತ್ತು.

ನಮ್ಮ ಸಹೋದ್ಯೋಗಿಯೊಬ್ಬರ ಪತಿ, ವಕೀಲರು, ಅವರಿಗೂ ಋಣಿಯಾಗಿದ್ದೇನೆ. ಮರುಮದುವೆಯಾದರೆ ಮೊದಲ ಗಂಡನ ನಿವೇಶನದಲ್ಲಿ ನನಗೆ ಪಾಲು ತಪ್ಪುತ್ತದೆಂದು ನೆಂಟರೊಬ್ಬರು ಅತ್ತೆಯವರ ಕಿವಿಗೂ ನನ್ನ ಕಿವಿಗೂ ಬೇರೆ ಬೇರೆಯಾಗಿ ಊದಿದ್ದರು. ವಕೀಲರು ನಮ್ಮ ಜಗಲಿಯಲ್ಲಿ ಕುಳಿತು ಎಲ್ಲರಿಗೂ ಒಟ್ಟಿಗೆ ಬಿಡಿಸಿ ಹೇಳಿದರು: ವಿಧವೆಯರ ಮರುವಿವಾಹಕ್ಕೆ ಮಾನ್ಯತೆ ಕೊಟ್ಟ 1856ರ ಕಾಯಿದೆಯೇ ಮರುವಿವಾಹವಾದವಳಿಂದ ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಿತ್ತುಕೊಂಡಿತ್ತು, ಆ ಕಾಯಿದೆ ಈಗ ಜಾರಿಯಲ್ಲಿಲ್ಲ, ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಮವಾಗಿ ಸೇರುತ್ತದೆ, ಹಾಗೆ ಸೇರಿದ ಪಾಲು ಆಮೇಲಿನ ಮದುವೆಯಿಂದ ಹೋಗುವುದಿಲ್ಲ. ಅಂದರೆ ನಿವೇಶನ ನನಗೆ, ಮಗನಿಗೆ, ಅತ್ತೆಯವರಿಗೆ ಮೂರು ಪಾಲು. “ನನಗೇನೂ ಇಲ್ಲವೇ?” ಎಂದು ಮಾವ ನಕ್ಕರು. ಆ ನಗುವಿನಿಂದ ಎಷ್ಟೋ ದಿನಗಳ ಬಿಗುವು ಸಡಿಲವಾಯಿತು. ವಕೀಲರು ಶುಲ್ಕವೆಂದು ತೆಗೆದುಕೊಂಡದ್ದು ಒಂದು ಗೊನೆ ರಸಬಾಳೆ ಮಾತ್ರ.

1954ರ ವಿಶೇಷ ವಿವಾಹ ಕಾಯಿದೆಯಡಿ ನೋಟಿಸು ಕೊಟ್ಟು 30 ದಿನ ಕಾಯಬೇಕು. ನೋಟಿಸಿನ ನಮೂನೆಯಲ್ಲಿ ವರನ ಹಾಗೂ ವಧುವಿನ ಸ್ಥಿತಿಯನ್ನು ನಮೂದಿಸುವ ಅಂಕಣವಿದೆ. ಅವರು ವಿಧುರ, ನಾನು ವಿಧವೆ ಎಂದು ಬರೆದೆವು. ಐದು ವರ್ಷ ಬೇರೆಯವರ ನಾಲಿಗೆಯಲ್ಲಿ ಕೇಳಿ ಮುದುಡುತ್ತಿದ್ದ ಶಬ್ದವನ್ನು ಅಂದು ನನ್ನ ಕೈಯಿಂದಲೇ, ಕೊನೆಯ ಸಲ, ಬರೆದೆ. ಎರಡು ಮರಣ ಪ್ರಮಾಣಪತ್ರಗಳನ್ನೂ ಜೊತೆಗೆ ಲಗತ್ತಿಸಿದೆವು. ಕಚೇರಿಯ ಫಲಕದ ಮೇಲೆ ಒಂದು ತಿಂಗಳು ನಮ್ಮ ಹೆಸರುಗಳಿದ್ದವು, ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸದೆ ಸುಮ್ಮನಿದ್ದವರಿಗೂ ನನ್ನ ವಂದನೆಗಳಿವೆ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ನಾದಿನಿ, ನನ್ನ ಪತಿಯ ಗೆಳೆಯರೊಬ್ಬರು, ಮತ್ತು ಎಲ್ಲರಿಗಿಂತ ಮೊದಲು ಮಾವನವರು. ನಿವೃತ್ತ ಮುಖ್ಯೋಪಾಧ್ಯಾಯರ ದುಂಡಾದ ಅಕ್ಷರದಲ್ಲಿ ಹೆಸರು ಬರೆದು, ಕೆಳಗೆ ಸಹಿ ಹಾಕಿ, ಪೆನ್ನಿನ ಮುಚ್ಚಳವನ್ನು ಹಾಕಲಾಗದೆ ಎರಡು ಸಲ ತಪ್ಪಿಸಿದರು. ನನ್ನ ಪತಿ ಅದನ್ನು ತೆಗೆದುಕೊಂಡು ಮುಚ್ಚಿ ಅವರ ಜೇಬಿಗೆ ಸಿಕ್ಕಿಸಿದರು.

ಆ ಒಂಬತ್ತು ಮಂದಿಯಲ್ಲಿ ಒಬ್ಬರು ಅವರ ಮೊದಲ ಪತ್ನಿಯ ತಾಯಿ. ಹಾಸನದ ಕಡೆಯಿಂದ ಬಸ್ಸಿನಲ್ಲಿ ಬಂದು, ಕಚೇರಿಯ ಹೊರಗಿನ ಹೊಂಗೆಮರದ ಕೆಳಗೆ ನನ್ನನ್ನು ನಿಲ್ಲಿಸಿ, ಸೀರೆ, ಕುಪ್ಪಸದ ಕಣ, ತೆಂಗಿನಕಾಯಿ, ಅಕ್ಕಿ, ಬೆಲ್ಲ ಹಾಕಿ ಮಡಿಲು ತುಂಬಿದರು. ತಮ್ಮ ಮಗಳು ಹೋದ ಜಾಗಕ್ಕೆ ಬಂದವಳಿಗೆ ಮಡಿಲು ತುಂಬುವ ಆ ಕೈಗಳನ್ನು ನೋಡುತ್ತಾ ನನಗೆ ಮಾತು ಹೊರಡಲಿಲ್ಲ, ಕಾಲಿಗೆ ಬಿದ್ದೆ. ಅಂದು ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ಅಮ್ಮಾ, ಆ ಡೈರಿ ನಮ್ಮ ದೇವರ ಮನೆಯ ಪಕ್ಕದ ಕಪಾಟಿನಲ್ಲಿಯೇ ಇದೆ.

ನನ್ನ ಪತಿಗೆ ಸಾರ್ವಜನಿಕವಾಗಿ ವಂದನೆ ಹೇಳುವುದು ಸಂಕೋಚದ ಸಂಗತಿ, ಒಂದೇ ಕಾರಣಕ್ಕೆ ಹೇಳುತ್ತೇನೆ. ಮಗನನ್ನು ಕರೆದುಕೊಂಡು ಮೈಸೂರಿಗೆ ಬಾ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಮೈಸೂರಿನ ಮನೆ ಬಿಟ್ಟು, ನಂಜನಗೂಡಿನಲ್ಲಿ ನಮ್ಮ ಅತ್ತೆ ಮಾವನ ಮನೆಯಿಂದ ಎರಡು ಬೀದಿ ಆಚೆ ಬಾಡಿಗೆ ಮನೆ ಹಿಡಿದರು. ಈಗ ದಿನವೂ ರೈಲು ಹತ್ತುವವರು ನಾವಿಬ್ಬರು. ಕಾತ್ಯಾಯನಿಗೆ ಸಿಗದೆ ಹೋದದ್ದು ಈ ಎರಡು ಬೀದಿಗಳ ದೂರ. ಮಗನಿಗೀಗ 14. ಅವರನ್ನು ಇಂದಿಗೂ ‘ಸರ್’ ಎಂದೇ ಕರೆಯುತ್ತಾನೆ, ಅದನ್ನು ತಿದ್ದಲು ನಾವ್ಯಾರೂ ಹೋಗಿಲ್ಲ. ಮನಸ್ಸು ಬಂದ ಮನೆಯಲ್ಲಿ ಮಲಗುತ್ತಾನೆ. ಹಲ್ಲುಜ್ಜುವ ಬ್ರಶ್ಶು ಎರಡೂ ಕಡೆ ಇದೆ.

ಕಳೆದ ಭಾನುವಾರ ಬೆಳಿಗ್ಗೆ ನಾನು ಹೋದಾಗ ಅಂಗಳದಲ್ಲಿ ಸ್ಕೂಟರು ಸ್ಟಾರ್ಟ್ ಆಗುತ್ತಿರಲಿಲ್ಲ. ಮಾವನವರು ಪಂಚೆ ಎತ್ತಿಕಟ್ಟಿ ಕಿಕ್ ಹೊಡೆದು ಸುಸ್ತಾಗಿ ಮೆಟ್ಟಿಲ ಮೇಲೆ ಕುಳಿತಿದ್ದರು. ನನ್ನ ಪತಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಹಳೆಯ ಬನಿಯನ್ನಿನ ಚೂರಿನಲ್ಲಿ ಒರೆಸಿ, ಮತ್ತೆ ಕೂರಿಸಿ, ತಾವು ಹೊಡೆಯದೆ, ಪಕ್ಕಕ್ಕೆ ಸರಿದು ನಿಂತರು. ಮಗ ಎರಡು ಸಲ ಕಿಕ್ ಹೊಡೆದ. ಮೂರನೆಯದಕ್ಕೆ ಹತ್ತಿಕೊಂಡಿತು. ಒಳಗಿನಿಂದ ಅತ್ತೆಯವರು, ಹೊಗೆಯೆಲ್ಲ ಅಡುಗೆಮನೆಗೆ ಬರುತ್ತಿದೆ, ಆಚೆ ತಿರುಗಿಸಿ ನಿಲ್ಲಿಸಿ ಎಂದು ಕೂಗಿದರು.